ಡಿಕ್ಕಿ ಕತ್ತರಿಸಿದ ಬಜೆಟ್ಟು

ಬೆಂಗಳೂರಿನಲ್ಲಿ ಏರ್‌ಪೋರ್ಟಿಗೆ ಟ್ಯಾಕ್ಸಿ ಹಿಡಿದವರಿಗೆಲ್ಲ ಮಾರುತಿ ಡಿಸೈರ್ ಗೊತ್ತು. ಎರಡು ದೊಡ್ಡ ಸೂಟ್‌ಕೇಸ್ ಇಟ್ಟು ಮೂರನೆಯದಕ್ಕೆ ಪರದಾಡಿದವರಿಗೆ ಅದರ ಡಿಕ್ಕಿಯೂ ಗೊತ್ತು. ಆ ಡಿಕ್ಕಿಯ ಅಳತೆ ನಿರ್ಧಾರವಾಗಿದ್ದು ದೆಹಲಿಯ ಬಜೆಟ್ಟಿನಲ್ಲಿ ಅಂದ್ರೆ ನಂಬ್ತೀರಾ?

2006ರ ಬಜೆಟ್ಟಿನಲ್ಲಿ ಚಿದಂಬರಂ ಅವರು ಸಣ್ಣ ಕಾರುಗಳ ಎಕ್ಸೈಸ್ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಯಾವುದು ಸಣ್ಣ ಕಾರು? ಉದ್ದ 4 ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು.

ಇದನ್ನು ಮೊದಲು ಬಳಸಿಕೊಂಡಿದ್ದು ಟಾಟಾ. 2008ರಲ್ಲಿ ಇಂಡಿಗೋವನ್ನು ಮೊಟಕು ಮಾಡಿ ಇಂಡಿಗೋ ಸಿಎಸ್ ತಂದರು. ಅದೇ ವರ್ಷ ಬಂದ ಮೊದಲ ಡಿಸೈರ್ ಮಾತ್ರ 4160 ಮಿ.ಮೀ. ಉದ್ದ. ಸ್ವಿಫ್ಟಿಗೆ ಹಿಂದೆ ಪೆಟ್ಟಿಗೆ ಅಂಟಿಸಿದ ಹಾಗೆ ಕಾಣ್ತಿತ್ತು, ನಿಜ. ಆದರೆ ಡಿಕ್ಕಿ 440 ಲೀಟರ್!

2012ರಲ್ಲಿ ಎರಡನೇ ತಲೆಮಾರು ಬಂತು. ಉದ್ದ 3995 ಮಿ.ಮೀ. ಆಗಿನ ಸ್ವಿಫ್ಟೇ 3850 ಇತ್ತು. ಅಂದರೆ ಡಿಕ್ಕಿಗೆ ಅಂತ ಹೆಚ್ಚಿಗೆ ಸಿಕ್ಕಿದ್ದು 145 ಮಿ.ಮೀ., ಒಂದು ಗೇಣೂ ಇಲ್ಲ. ಜಾಗ 316 ಲೀಟರಿಗೆ ಇಳೀತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಕಾಲನ್ನೇ ಕೊಯ್ದರು :-) ಆದರೂ ಜನ ಮುಗಿಬಿದ್ದು ಕೊಂಡರು.

ನನಗೆ ನಿಜವಾಗಿ ಇಷ್ಟವಾಗೋದು 2017ರ ಮೂರನೇ ತಲೆಮಾರು. ಉದ್ದ ಅದೇ 3995. ಆದರೆ ಈ ಸಲ ಮಿತಿಯನ್ನು ಮೊದಲೇ ಎದುರಿಗಿಟ್ಟುಕೊಂಡು ವಿನ್ಯಾಸ ಮಾಡಿದ್ದರು. ಚಕ್ರಗಳ ನಡುವಿನ ಅಂತರ 2430ರಿಂದ 2450 ಮಿ.ಮೀ. ಆಯ್ತು, ಡಿಕ್ಕಿ 378 ಲೀಟರಿಗೆ ಏರಿತು, ಪೆಟ್ರೋಲ್ ಕಾರಿನ ತೂಕ 85 ಕೆ.ಜಿ.ಯಷ್ಟು ಇಳೀತು. ಹೆಸರಿನಿಂದ ಸ್ವಿಫ್ಟೂ ಹೋಯ್ತು. ಕ್ಲೈಂಟ್ ಹಾಕಿದ ವಿಚಿತ್ರ ಷರತ್ತಿಗೆ ಕೊನೇ ಗಳಿಗೆಯಲ್ಲಿ ತೇಪೆ ಹಚ್ಚೋದಕ್ಕೂ, ಅದಕ್ಕೆ ತಕ್ಕ ಹಾಗೆ ಮೊದಲಿಂದ ಕೋಡ್ ಬರೆಯೋದಕ್ಕೂ ಇರೋ ವ್ಯತ್ಯಾಸ ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ.

2024ರ ನವೆಂಬರಿನಲ್ಲಿ ಬಂದ ನಾಲ್ಕನೆಯದೂ 3995ರಲ್ಲೇ ನಿಂತಿದೆ. ಎಂಜಿನ್ ಮೂರು ಸಿಲಿಂಡರಿಂದು. ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ (ಇದು ಬೇರೆ ಡಿಕ್ಕಿ!) ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ಬಂತು. ಇದು ಮೊದಲೇ ಬರಬೇಕಿತ್ತು ಅಂತ ನನ್ನ ಸಿಟ್ಟು. ಸುಂಕದ ನಿಯಮ ಟೇಪು ಹಿಡಿದು ಉದ್ದ ನೋಡ್ತು, ಒಳಗಿದ್ದವರು ಬದುಕ್ತಾರಾ ಅಂತ ನೋಡಲಿಲ್ಲ.

ಆ ಗೆರೆ ಈಗಲೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಜಿಎಸ್‌ಟಿ ಶೇ. 18, ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 40. ಐದನೇ ಡಿಸೈರ್ ಬಂದರೆ ಅದರ ಉದ್ದ ಎಷ್ಟಿರುತ್ತೆ ಅಂತ ನೀವೇ ಹೇಳಿ.