ಧೂಮಪಾನ ತ್ಯಾಗ: ಯುವಜನರಿಗೆ ಕನ್ನಡದಲ್ಲಿಯೂ ನೆರವು

ಪುರಸೈವಾಕ್ಕಂ ಹೈರೋಡಿನ ಚಹಾ ಅಂಗಡಿಯ ಮುಂದೆ ಗೆಳೆಯರ ಒತ್ತಾಯಕ್ಕೆ ಸೇದಿದ ಒಂದು ಸಿಗರೇಟು ಕೆಲವೇ ತಿಂಗಳುಗಳಲ್ಲಿ ನಿತ್ಯದ ಚಟವಾಗಬಹುದು. ಮನೆಯ ಹಿರಿಯರಿಗೆ ವಿಷಯ ತಿಳಿಯುವ ಹೊತ್ತಿಗೆ, ಅದನ್ನು ಬಿಡಲು ಮಕ್ಕಳು ಗುಟ್ಟಾಗಿ ಯತ್ನಿಸಿ ಸೋತಿರುವುದೂ ಉಂಟು. ಅಂಥವರನ್ನು ಗದರಿಸುವುದಕ್ಕಿಂತ ನೆರವಿನ ದಾರಿ ತೋರುವುದು ಲೇಸು.

ಬಿಡುವುದು ಏಕೆ ಕಷ್ಟ?

ಹೊಗೆಯಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲಪುತ್ತದೆ. ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಸೇದುವುದನ್ನು ನಿಲ್ಲಿಸಿದಾಗ ಸಿಡುಕು, ನಿದ್ರಾಭಂಗ, ಚಡಪಡಿಕೆಗಳು ಕಾಣಿಸುತ್ತವೆ. ಇವು ಮೊದಲ ವಾರದಲ್ಲಿ ತೀವ್ರವಾಗಿದ್ದು, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಗ್ಗುತ್ತವೆ. ಇದು ದೇಹಧರ್ಮ, ಮನೋದೌರ್ಬಲ್ಯವೆಂದು ಹೀಯಾಳಿಸಲಾಗದು.

ನೆರವು ಎಲ್ಲಿ ದೊರೆಯುತ್ತದೆ?

ರಾಷ್ಟ್ರೀಯ ತಂಬಾಕು ತ್ಯಾಗ ಸಹಾಯವಾಣಿ 2016ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಶುಲ್ಕವಿಲ್ಲದ ಅದರ ಸಂಖ್ಯೆ 1800-11-2356. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಗೆ ಸೇರಿದುದರಿಂದ ಕನ್ನಡ, ತಮಿಳು ಮೊದಲಾದ ದಕ್ಷಿಣದ ಭಾಷೆಗಳಲ್ಲಿ ಆಪ್ತಸಲಹೆ ಲಭ್ಯವಾಯಿತು. ಮನೆಮಾತಿನಲ್ಲಿ ಮನಸ್ಸು ಬಿಚ್ಚುವುದು ಸುಲಭವಲ್ಲವೇ? ಸಲಹೆಗಾರರು ಚಟದ ಪ್ರಮಾಣವನ್ನು ವಿಚಾರಿಸಿ, ಬಿಡುವ ದಿನವನ್ನು ಗೊತ್ತುಪಡಿಸಲು ನೆರವಾಗಿ, ಅನಂತರವೂ ಕರೆ ಮಾಡಿ ವಿಚಾರಿಸುತ್ತಾರೆ. 2018ರಿಂದ ಈ ಸಂಖ್ಯೆಯನ್ನು ಸಿಗರೇಟಿನ ಪೊಟ್ಟಣದ ಮೇಲೆಯೇ ಮುದ್ರಿಸಲಾಗುತ್ತಿದೆ.

ವೈದ್ಯರನ್ನು ಮುಖತಃ ಕಾಣಬಯಸುವವರಿಗೆ, 1954ರಲ್ಲಿ ಸ್ಥಾಪಿತವಾದ ಅಡಯಾರಿನ ಕ್ಯಾನ್ಸರ್ ಸಂಸ್ಥೆಯಲ್ಲಿ ತಂಬಾಕು ತ್ಯಾಗಕ್ಕೆಂದೇ ವಿಭಾಗವಿದೆ. ನಿಕೋಟಿನ್ ಚೂಯಿಂಗ್ ಗಮ್, ಔಷಧಗಳನ್ನು ವೈದ್ಯರ ಸಲಹೆಯಂತೆ ಬಳಸಬೇಕು. ಇ-ಸಿಗರೇಟು ಇದಕ್ಕೆ ಪರಿಹಾರವಲ್ಲ. ಅದರ ಮಾರಾಟವನ್ನು ಭಾರತದಲ್ಲಿ 2019ರಲ್ಲಿಯೇ ನಿಷೇಧಿಸಲಾಗಿದೆ.

ಬಿಟ್ಟರೆ ಲಾಭವೇನು?

ಕೊನೆಯ ಸಿಗರೇಟಿನ 20 ನಿಮಿಷಗಳೊಳಗೆ ನಾಡಿಬಡಿತ ಇಳಿಯತೊಡಗುತ್ತದೆ. ಒಂದು ವರ್ಷದಲ್ಲಿ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ತಗ್ಗುತ್ತದೆ. 40 ವಯಸ್ಸಿನೊಳಗೆ ಬಿಟ್ಟವರು ಧೂಮಪಾನದಿಂದ ಒದಗುವ ಅಕಾಲ ಮರಣದ ಅಪಾಯದ ಸುಮಾರು 90 ಪಾಲನ್ನು ನೂರರಲ್ಲಿ ತಪ್ಪಿಸಿಕೊಳ್ಳುತ್ತಾರೆ. ಇಪ್ಪತ್ತರ ಹರೆಯದಲ್ಲಿ ಬಿಡುವವರ ಮುಂದೆ ಇಡೀ ಬದುಕೇ ಇದೆ.

ಹಿರಿಯರು ಮಾಡಬೇಕಾದುದು

ನೆಂಟರಿಷ್ಟರ ಮುಂದೆ ಅವಮಾನಿಸಬೇಡಿ, ಏಕಾಂತದಲ್ಲಿ ಮಾತನಾಡಿ. ಮನೆಯಲ್ಲಿ ಸೇದುವ ಹಿರಿಯರಿದ್ದರೆ ಅವರೂ ಜೊತೆಯಲ್ಲೇ ಬಿಡಲಿ. ಸೇದುವ ಬಯಕೆ ಬಂದಾಗ ಕೆಲವು ನಿಮಿಷ ತಡೆಯುವುದು, ನೀರು ಕುಡಿಯುವುದು, ದೀರ್ಘವಾಗಿ ಉಸಿರಾಡುವುದು, ಬೇರೆ ಕೆಲಸದಲ್ಲಿ ತೊಡಗುವುದು ಸಹಕಾರಿ. ಮತ್ತೆ ಸೇದಿದರೆ ನಿರಾಶರಾಗಬೇಡಿ. ಹಲವರು ಗೆದ್ದಿರುವುದು ಒಂದಕ್ಕಿಂತ ಹೆಚ್ಚು ಯತ್ನಗಳ ಬಳಿಕವೇ. ಇಂದೇ ಮಗನ ಅಥವಾ ಮಗಳ ಪಕ್ಕದಲ್ಲಿ ಕುಳಿತು ಮೊದಲ ಕರೆ ಮಾಡಿಸಿ.