ರಿಪ್ಪರ್ ಎಂಬ ಹೆಸರು: ಕೇರಳದಲ್ಲಿ ಸುದ್ದಿ ಮತ್ತು ಅಪರಾಧಭಯ

ಅಪರಾಧಕ್ಕೆ ಇರುವಂತೆ ಅಪರಾಧಭಯಕ್ಕೂ ತನ್ನದೇ ಆದ ಚರಿತ್ರೆಯಿದೆ. ಇವೆರಡೂ ಸದಾ ಜೊತೆಜೊತೆಯಾಗಿ ಸಾಗುವುದಿಲ್ಲವೆಂಬುದನ್ನು ಕೇರಳದ ಕೆಲವು ಸಂದರ್ಭಗಳ ಮೂಲಕ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

1980ರ ದಶಕದ ನಡುಭಾಗದಲ್ಲಿ ಕಾಸರಗೋಡಿನ ಸುತ್ತಣ ಗಡಿಪ್ರದೇಶವನ್ನು ಸರಣಿ ಕೊಲೆಗಳು ನಡುಗಿಸಿದವು. ಅಪರಾಧಿ ಚಂದ್ರನ್‌ನನ್ನು 1991ರಲ್ಲಿ ಕಣ್ಣೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಅವನ ಹೆಸರಿಗೆ ಅಂಟಿದ ‘ರಿಪ್ಪರ್’ ಎಂಬ ವಿಶೇಷಣವು 1888ರ ಲಂಡನ್ನಿನದು. ಅಲ್ಲಿಯೂ ಅದು ಸುದ್ದಿಸಂಸ್ಥೆಯೊಂದಕ್ಕೆ ಬಂದ ಪತ್ರದಿಂದಲೇ ಪ್ರಚಾರ ಪಡೆದಿತ್ತು. ವ್ಯಕ್ತಿ ಅಳಿದರೂ ಹೆಸರು ಅಳಿಯಲಿಲ್ಲ. 2000ರ ದಶಕದಲ್ಲಿ ಎರ್ನಾಕುಳಂ-ತ್ರಿಶೂರು ಭಾಗದ ಕೊಲೆ ಪ್ರಕರಣಗಳ ಇನ್ನೊಬ್ಬ ಆರೋಪಿಗೂ ಅದೇ ಬಿರುದು ಸಂದಿತು. ಅಂಕಿತನಾಮವು ಹೀಗೆ ರೂಢನಾಮವಾದಾಗ ಒಂದು ಊರಿನ ಭಯ ಹಲವು ಊರುಗಳದಾಗುತ್ತದೆ.

1993ರಲ್ಲಿ ತಿರುವನಂತಪುರವನ್ನು ಕೇಂದ್ರವಾಗಿಸಿಕೊಂಡು ಏಷ್ಯಾನೆಟ್, 2003ರಲ್ಲಿ ಕೊಚ್ಚಿಯಿಂದ ಇಡೀ ದಿನದ ಸುದ್ದಿವಾಹಿನಿ ಇಂಡಿಯಾವಿಷನ್ ಆರಂಭವಾದವು. ಹೆಸರಿನೊಂದಿಗೆ ದೃಶ್ಯವೂ ಮನೆಯೊಳಗೆ ಬಂದಿತು. ದೂರದರ್ಶನವನ್ನು ಹೆಚ್ಚು ನೋಡುವವರಿಗೆ ಜಗತ್ತು ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆಂದು ಅಮೆರಿಕದ ವಿದ್ವಾಂಸ ಜಾರ್ಜ್ ಗರ್ಬ್ನರ್ 1970ರ ದಶಕದಲ್ಲಿಯೇ ವಾದಿಸಿದ್ದರು. ಈ ವಾದ ವಿವಾದಾತೀತವಲ್ಲ. ಅದನ್ನು ಸ್ಥಳೀಯ ನಿದರ್ಶನದ ಮೇಲೆ ಒರೆಹಚ್ಚಬೇಕು.

2017ರ ಡಿಸೆಂಬರಿನಲ್ಲಿ ಕೊಚ್ಚಿಯ ಪುಲ್ಲೇಪ್ಪಡಿಯಲ್ಲಿಯೂ ತೃಪ್ಪೂಣಿತ್ತುರದ ಎರೂರಿನಲ್ಲಿಯೂ ಮನೆಗಳಿಗೆ ನುಗ್ಗಿ ದರೋಡೆ ನಡೆಸಲಾಯಿತು. ಆದುದರಿಂದ ಭಯಕ್ಕೆ ಬೀಜವಿರಲಿಲ್ಲವೆನ್ನಲಾಗದು. ಆದರೆ 2018ರ ಜನವರಿಯಲ್ಲಿ, ಕಿಟಕಿಗಾಜಿನ ಮೇಲಣ ಕಪ್ಪು ಸ್ಟಿಕ್ಕರುಗಳು ಮಕ್ಕಳ ಕಳ್ಳರು ಇಟ್ಟ ಗುರುತುಗಳೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿಯೂ ಸುದ್ದಿಗಳಲ್ಲಿಯೂ ಹಬ್ಬಿತು. ಸಾಗಾಟದಲ್ಲಿ ಗಾಜುಗಳು ಒಂದಕ್ಕೊಂದು ಉಜ್ಜದಂತೆ ಅಂಟಿಸುವ ತುಂಡುಗಳು ಅವೆಂದು ಪೊಲೀಸರು ವಿವರಿಸಿದರು. ಭಯಪಡಬೇಕಾಗಿಲ್ಲವೆಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರೂ ಹೇಳಬೇಕಾಯಿತು. ಅಷ್ಟರಲ್ಲಿ ರಾಜ್ಯದ ಹಲವೆಡೆ ಭಿಕ್ಷುಕರೂ ಹೊರರಾಜ್ಯದ ಕಾರ್ಮಿಕರೂ ಮಕ್ಕಳ ಕಳ್ಳರೆಂಬ ಸಂಶಯಕ್ಕೆ ಗುರಿಯಾಗಿ ಪೆಟ್ಟು ತಿಂದಿದ್ದರು. ನಿಜವಾದ ದರೋಡೆಯ ಭಯಕ್ಕೆ ಬೆಲೆ ತೆತ್ತವರು ಅದಕ್ಕೆ ಸಂಬಂಧವೇ ಇಲ್ಲದವರು.

ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಅವನು ಋಷಿಯಾಗುವುದರೊಂದಿಗೆ ಮುಗಿಯುತ್ತದೆ. ಕೇಳುಗನ ಭಯವೂ ಅಲ್ಲಿಗೆ ಶಮನಗೊಳ್ಳುತ್ತದೆ. ಸುದ್ದಿಗೆ ಅಂತಹ ಮುಕ್ತಾಯವಿಲ್ಲ. ಕಳ್ಳ ಸಿಕ್ಕಿದ ವಾರ್ತೆ ಒಮ್ಮೆ ಬಂದರೆ ಕಳವಿನ ದೃಶ್ಯ ಹಲವು ಬಾರಿ ಬರುತ್ತದೆ. ಆದ್ದರಿಂದ ಪೊಲೀಸ್ ದಾಖಲೆಗಳಿಂದ ಜನರ ಭಯವನ್ನಾಗಲಿ, ಜನರ ಭಯದಿಂದ ಅಪರಾಧದ ಪ್ರಮಾಣವನ್ನಾಗಲಿ ಊಹಿಸುವುದು ಸಾಧುವಲ್ಲ. ಇವೆರಡನ್ನೂ ಬೇರೆಬೇರೆಯಾಗಿ ಓದಿ, ಭಯವು ಯಾರ ಮೇಲೆ ಎರಗಿತೆಂಬುದನ್ನೂ ಸಂಶೋಧಕರು ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ.