ಆರಡಿ ಮೂರಡಿ ಮಣ್ಣಿನ ಕಥೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾರಾದ್ರೂ ತೀರಿಕೊಂಡ್ರೆ ‘ಮಣ್ಣಿಗೆ ಹೋಗಿ ಬಂದ್ವಿ’ ಅಂತೀವಿ. ಮುಸ್ಲಿಮರು ಶವಕ್ಕೆ ಕಫನ್ ಸುತ್ತಿ, ಮುಖವನ್ನು ಮೆಕ್ಕಾ ದಿಕ್ಕಿಗೆ ತಿರುಗಿಸಿ ಖಬರಸ್ತಾನದಲ್ಲಿ ಹೂಳ್ತಾರೆ. ಲಿಂಗಾಯತರು ಶವವನ್ನು ಕೂರಿಸಿ, ಕೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡ್ತಾರೆ. ಸುಡುವವರೂ ಇದ್ದಾರೆ. ಹಾಗಾಗಿ ಹೂಳೋದು ಇಲ್ಲಿ ಯಾರಿಗೂ ಪರದೇಶಿ ಪದ್ಧತಿ ಅನ್ನಿಸೋದಿಲ್ಲ.

ಜಪಾನಿನಲ್ಲಿ ಹಾಗಲ್ಲ. ಅಲ್ಲಿ ಶೇ. 99ಕ್ಕೂ ಹೆಚ್ಚು ಶವಗಳನ್ನು ಸುಡ್ತಾರೆ. ಬೆಪ್ಪು ನಗರದ ಮುಸ್ಲಿಮರು ಪಕ್ಕದ ಹಿಜಿ ಪಟ್ಟಣದಲ್ಲಿ ಖಬರಸ್ತಾನ ಮಾಡಲು ಹೊರಟಾಗ, ಕುಡಿಯುವ ನೀರು ಕೆಡುತ್ತೆ ಅಂತ ಸ್ಥಳೀಯರು ವಿರೋಧಿಸಿದರು. 2024ರಲ್ಲಿ ಗೆದ್ದ ಹೊಸ ಮೇಯರ್ ಕೂಡ ಬೇಡ ಅಂದರು.

ಸ್ವಾರಸ್ಯ ಏನಪ್ಪಾ ಅಂದ್ರೆ, ಹಿಂದೆ ಜಪಾನಿನಲ್ಲೂ ಬಹಳಷ್ಟು ಜನ ಹೂಳ್ತಿದ್ರು. 1873ರಲ್ಲಿ ಸರ್ಕಾರ ಸುಡೋದನ್ನೇ ನಿಷೇಧಿಸಿತ್ತು! ನಗರಗಳಲ್ಲಿ ಹೂಳಲು ಜಾಗ ಸಾಲದೆ 1875ರಲ್ಲಿ ನಿಷೇಧ ತೆಗೆಯಿತು. ಅಂದ್ರೆ, ‘ನಮ್ಮ ಸಂಪ್ರದಾಯ’ ಅನ್ನೋದಕ್ಕೂ ವಯಸ್ಸಿರುತ್ತೆ.

ನಮ್ಮಲ್ಲಿ ಪದ್ಧತಿಯ ಜಗಳವಿಲ್ಲ, ಜಾಗದ ಕೊರತೆ ಇದೆ. ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ 2019ರಲ್ಲಿ ಕರ್ನಾಟಕ ಹೈಕೋರ್ಟೇ ಸರ್ಕಾರಕ್ಕೆ ಹೇಳಬೇಕಾಯಿತು. ಊರಲ್ಲಿ ಬಾಳಿದವರಿಗೆ ಊರಿನ ಆರಡಿ ಮೂರಡಿ ಮಣ್ಣು ಸಿಗುತ್ತಾ? ಬೆಪ್ಪುವಿನಲ್ಲೂ ಪ್ರಶ್ನೆ ಅದೇ, ಇಲ್ಲೂ ಅದೇ.